ಇನ್‌ವ್ಯಾಲಿಡ್ ಯಾರು ಗುರು?

(1/8)
ಫೋಟೋದಲ್ಲಿರೋದು ನಮ್ಮ ತಾತನ ಲೆಕ್ಕದ ಪುಸ್ತಕ. ಚನ್ನರಾಯಪಟ್ಟಣದ ಕಡೆ ನಮ್ಮದು ಒಂದಿಷ್ಟು ತೆಂಗು ಇದೆ. ಕಾಯಿ ಎಷ್ಟು ಕಿತ್ತಿದ್ದು, ಎಷ್ಟು ಮಾರಿದ್ದು, ಕೂಲಿ ಎಷ್ಟು ಕೊಟ್ಟಿದ್ದು, ಎಲ್ಲಾ ಅದ್ರಲ್ಲೇ. ಅಂಕಿ ನೋಡಿ ಹೆಂಗಿದೆ: ೧೨೫೦, ೮೪೦, ೩೬೫. ಸ್ಲೇಟಿನ ಮೇಲೆ ಕಲಿತಿದ್ದನ್ನ ತಾತ ಇವತ್ತಿಗೂ ಬಿಟ್ಟಿಲ್ಲ.

ಮಿನಿ ಪ್ರಾಜೆಕ್ಟ್ ಸಬ್ಮಿಟ್ ಮಾಡಿದ ಜೋಶ್‌ನಲ್ಲಿ ನಾನು ತಾತನಿಗೂ ಒಂದು ವೆಬ್ ಪೇಜ್ ಮಾಡಿಕೊಟ್ಟೆ. ಕಾಯಿ ಸಂಖ್ಯೆ ಹಾಕು, ರೇಟ್ ಹಾಕು, ಒತ್ತು, ಮೊತ್ತ ಬರುತ್ತೆ. ತಾತನ ಫೋನಿಗೆ ಕನ್ನಡ ಕೀಬೋರ್ಡ್ ಹಾಕಿ, ಕನ್ನಡ ಅಂಕಿ ಬರೋ ಹಾಗೆ ಸೆಟ್ ಮಾಡಿದ್ದೂ ನಾನೇ. ತಾತ ಕನ್ನಡಕ ಏರಿಸಿಕೊಂಡು, ಒಂದೇ ಬೆರಳಲ್ಲಿ ನಿಧಾನಕ್ಕೆ ೧೨೫೦ ಅಂತ ಟೈಪ್ ಮಾಡಿ ಒತ್ತಿದ್ರು.

ಕೆಂಪು ಅಕ್ಷರದಲ್ಲಿ ಬಂತು: "ಇನ್‌ವ್ಯಾಲಿಡ್ ಇನ್‌ಪುಟ್."

ತಾತ ಪೇಜನ್ನ ಬೈಲಿಲ್ಲ ಕಣ್ರೋ. ಪುಸ್ತಕ ತೆಗೆದು, ಅವತ್ತಿನ ಲೆಕ್ಕಾನೆಲ್ಲ ಮೊದಲಿಂದ ಎರಡು ಸಲ ಕೂಡಿ ನೋಡಿದ್ರು. ಆಮೇಲೆ ನನ್ನ ಕೇಳಿದ್ರು: "ನಾನೇನು ತಪ್ಪು ಬರ್ದೆ ಮಗಾ?"

(2/8)
ಏನೂ ತಪ್ಪು ಬರೆದಿರಲಿಲ್ಲ. ತಪ್ಪು ನಂದು. ಏನು ತಪ್ಪು ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗೋಣ. ಲ್ಯಾಬ್ ರೆಕಾರ್ಡ್‌ನಲ್ಲಿ ನಾವೆಲ್ಲ ಬರೆದಿದ್ದೀವಲ್ಲ, "ಸ್ಟ್ರಿಂಗ್ ಟು ಇಂಟೀಜರ್ ಕನ್ವರ್ಷನ್", ಅದನ್ನ ಬರೆದವರೇ ಹೊರತು ಅರ್ಥ ಮಾಡಿಕೊಂಡವರು ಎಷ್ಟು ಜನ?

ಕೀಬೋರ್ಡಲ್ಲಿ ಏನೇ ಒತ್ತಲಿ, ಕಂಪ್ಯೂಟರ್‌ಗೆ ಮೊದಲು ಸಿಗೋದು ಅಕ್ಷರ. "7" ಅನ್ನೋದು ಏಳು ಅಲ್ಲ, ಏಳರ ಚಿತ್ರ. ಆ ಚಿತ್ರಕ್ಕೊಂದು ನಂಬರ್ ಕೊಟ್ಟಿದ್ದಾರೆ: "0" ಅಂದ್ರೆ 48, "1" ಅಂದ್ರೆ 49, ಹೀಗೇ "9" ಅಂದ್ರೆ 57. ಹಾಗಾಗಿ "7"ರ ನಂಬರ್ 55ರಿಂದ 48 ಕಳೆದ್ರೆ ನಿಜವಾದ ಏಳು ಸಿಗುತ್ತೆ. "125" ಇದ್ರೆ, ಮೊದಲು 1, ಅದನ್ನ ಹತ್ತರಿಂದ ಗುಣಿಸಿ 2 ಕೂಡಿಸು, 12. ಮತ್ತೆ ಹತ್ತರಿಂದ ಗುಣಿಸಿ 5 ಕೂಡಿಸು, 125. ಮುಗೀತು. ಪೈಥಾನ್‌ನ ಇಂಟ್ ಆಗ್ಲಿ, ಸಿ ಭಾಷೆಯ ಎಟೂಐ ಆಗ್ಲಿ, ಒಳಗೆ ನಡೆಯೋ ಕೆಲಸದ ತಿರುಳು ಇಷ್ಟೇ.

ಈಗ ತಾತನ ಅಂಕಿ. ಯುನಿಕೋಡ್‌ನಲ್ಲಿ ಕನ್ನಡದ ಸೊನ್ನೆ "೦"ಗೆ ಕೊಟ್ಟಿರೋ ನಂಬರ್ 3302. "೧" 3303, "೯" 3311. ಸಾಲಾಗಿ, ಒಂದರ ಪಕ್ಕ ಒಂದು, ಥೇಟ್ ಇಂಗ್ಲಿಷ್ ಅಂಕಿ ಇರೋ ಹಾಗೇ. "೭"ರ ನಂಬರ್ 3309. ಅದರಿಂದ 3302 ಕಳೀರಿ. ಏಳು!

ಅಂದ್ರೆ ಕನ್ನಡ ಅಂಕಿ ಓದೋಕೆ ಯಾವ ಎಐ ಬೇಡ, ಯಾವ ಲೈಬ್ರರಿ ಬೇಡ. 48 ಇರೋ ಕಡೆ 3302 ಹಾಕಿದ್ರೆ ಆಯ್ತು. ಇಷ್ಟು ಗೊತ್ತಿಲ್ಲದೆ ನಾನು ತಾತನಿಗೆ "ಇನ್‌ವ್ಯಾಲಿಡ್" ಅಂದಿದ್ದೆ.

(3/8)
ಇನ್ನೂ ತಮಾಷೆ ಏನಂದ್ರೆ, ಎಲ್ಲಾ ಭಾಷೆಗಳೂ ತಾತನ್ನ ವಾಪಸ್ ಕಳಿಸಲ್ಲ. ನೀವೇ ಮಾಡಿ ನೋಡಿ. ಪೈಥಾನ್ 3ರಲ್ಲಿ ಇಂಟ್("೧೨೫೦") ಕೊಡಿ, 1250 ಅಂತ ನೀಟಾಗಿ ಬರುತ್ತೆ. "1೨5೦" ಅಂತ ಕಲಸುಮೇಲೋಗರ ಮಾಡಿದ್ರೂ ಬರುತ್ತೆ. ಜಾವಾದ ಇಂಟೀಜರ್ ಡಾಟ್ ಪಾರ್ಸ್‌ಇಂಟ್ ಕೂಡ ಒಪ್ಪುತ್ತೆ. ಜಾವಾಸ್ಕ್ರಿಪ್ಟ್‌ನಲ್ಲಿ ಬರೋದು ಮಾತ್ರ "ನಾಟ್ ಎ ನಂಬರ್". ಸಿ ಭಾಷೆಯ ಎಟೂಐ ಇನ್ನೂ ಮೋಸ, ಎರರ್ ಅಂತಾನೂ ಹೇಳದೆ ಸೊನ್ನೆ ಕೊಟ್ಟು ಸುಮ್ಮನಾಗುತ್ತೆ. ಸಾವಿರದ ಇನ್ನೂರೈವತ್ತು ಕಾಯಿ, ಸೊನ್ನೆ!

ನನ್ನ ಪೇಜ್ ಇದ್ದಿದ್ದು ಜಾವಾಸ್ಕ್ರಿಪ್ಟ್‌ನಲ್ಲಿ. ಅಲ್ಲಿಗೆ ಕಥೆ ಗೊತ್ತಾಯ್ತಲ್ಲ.

ಇದರಲ್ಲೊಂದು ಪಕ್ಕಾ ನಮ್ಮದೇ ಆದ ಬಗ್ ಇದೆ, ಯಾವ ಇಂಗ್ಲಿಷ್ ಟ್ಯುಟೋರಿಯಲ್‌ನಲ್ಲೂ ನನಗೆ ಸಿಗಲಿಲ್ಲ. ಕನ್ನಡದ ಸೊನ್ನೆ "೦", ಅನುಸ್ವಾರ "ಂ", ನೋಡೋಕೆ ಎರಡೂ ಒಂದೇ. ಕಂಪ್ಯೂಟರ್‌ಗೆ ಬೇರೆ ಬೇರೆ: ಅನುಸ್ವಾರದ ನಂಬರ್ 3202, ಸೊನ್ನೆದು 3302. ನೆಟ್‌ನಲ್ಲಿ ಹಳೇ ಕನ್ನಡ ಬರಹ ಹುಡುಕಿದ್ರೆ "ಎ೦ದು" ಅಂತ ಅನುಸ್ವಾರದ ಜಾಗದಲ್ಲಿ ಸೊನ್ನೆ ಕುಟ್ಟಿರೋದು ಬೇಕಾದಷ್ಟು ಸಿಗುತ್ತೆ. ಇದರ ಉಲ್ಟಾನೂ ಆಗುತ್ತೆ: ಹತ್ತು ಅಂತ ಬರೆಯೋಕೆ "೧" ಒತ್ತಿ ಪಕ್ಕದಲ್ಲಿ "ಂ" ಒತ್ತೋದು. ಕಣ್ಣಿಗೆ ಹತ್ತು. ಪೈಥಾನ್‌ಗೂ ಅದು ಹತ್ತಲ್ಲ, ಎರರ್. ಬರೆದವರು ಹತ್ತು ಸಲ ನೋಡಿದ್ರೂ ತಪ್ಪು ಕಾಣಲ್ಲ, ಯಾಕಂದ್ರೆ ಕಣ್ಣಿಗೆ ಕಾಣೋ ತಪ್ಪೇ ಅಲ್ಲಿಲ್ಲ.

(4/8)
ಈಗ ನನ್ನ ಮೊದಲನೇ ಅಭಿಪ್ರಾಯ. ಬೈಯೋರು ಬೈರಿ.

ಪೈಥಾನ್‌ನ ವ್ಯಾಲ್ಯೂ ಎರರ್ ಕಂಡ್ರೆ ಕ್ಲಾಸಲ್ಲಿ ಎಲ್ರಿಗೂ ಸಿಟ್ಟು. ನಂಗೂ ಇತ್ತು. ಈಗ ಅನ್ಸುತ್ತೆ, ಕೂಗಿ ಹೇಳೋ ಎರರ್ ಮನೆ ನಾಯಿ ಇದ್ದ ಹಾಗೆ. ಬೊಗಳುತ್ತೆ, ನಿದ್ದೆ ಕೆಡಿಸುತ್ತೆ, ಆದ್ರೆ ಕಳ್ಳ ಬಂದಿದ್ದು ಗೊತ್ತಾಗುತ್ತೆ. ಭಯ ಪಡಬೇಕಾಗಿದ್ದು ಬೊಗಳದೇ ಇರೋದಕ್ಕೆ.

ಉದಾಹರಣೆಗೆ ನಮ್ಮ ಲಕ್ಷದ ಕಾಮಾ. "1,25,000" ಅಂತ ನಮ್ಮಲ್ಲಿ ಯಾರು ಬರೆಯಲ್ಲ ಹೇಳಿ? ಚೆಕ್ ಮೇಲೆ, ಪಾಸ್‌ಬುಕ್ ಮೇಲೆ, ಮದುವೆ ಖರ್ಚಿನ ಪಟ್ಟಿ ಮೇಲೆ ಹಾಗೇ ಬರೆಯೋದು. ಇದನ್ನ ಪೈಥಾನ್‌ನ ಇಂಟ್‌ಗೆ ಕೊಟ್ರೆ ತಕ್ಷಣ ಕೂಗಾಡುತ್ತೆ. ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಇಂಟ್‌ಗೆ ಕೊಡಿ. ಏನು ಬರುತ್ತೆ ಗೊತ್ತಾ?

1.

ಒಂದು ಲಕ್ಷದ ಇಪ್ಪತ್ತೈದು ಸಾವಿರ ಹೋಗಿ ಒಂದು ರೂಪಾಯಿ. ಕಾಮಾ ಸಿಕ್ಕಿದ ತಕ್ಷಣ ಓದೋದು ನಿಲ್ಲಿಸಿ, ಅಲ್ಲಿವರೆಗೆ ಸಿಕ್ಕಿದ್ದನ್ನ ಕೈಗಿಟ್ಟು ಹೋಗುತ್ತೆ. ಕೆಂಪು ಅಕ್ಷರ ಇಲ್ಲ, ಏನಿಲ್ಲ. ಮೊತ್ತ ಬಂದಿದೆ, ಪೇಜ್ ಕೆಲಸ ಮಾಡ್ತಿದೆ, ಎಲ್ಲ ಸರಿ ಇದೆ ಅನ್ಸುತ್ತೆ.

ಇನ್ನೊಂದು: ಖಾಲಿ ಬಿಟ್ಟ ಜಾಗ. ಜಾವಾಸ್ಕ್ರಿಪ್ಟ್‌ನಲ್ಲಿ ನಂಬರ್("") ಅಂದ್ರೆ ಸೊನ್ನೆ. ಡೈರಿಗೆ ಹಾಲು ಹಾಕೋ ಮನೆಯವರನ್ನ ಕೇಳಿ, "ಇವತ್ತು ಬೆಳಗ್ಗೆ ಬರೆದಿಲ್ಲ" ಅನ್ನೋದೂ "ಇವತ್ತು ಸೊನ್ನೆ ಲೀಟರ್" ಅನ್ನೋದೂ ಒಂದೇನಾ ಅಂತ. ಒಂದು ಮರೆತಿದ್ದು, ಇನ್ನೊಂದು ಹಸು ಹಾಲು ಕೊಡದೇ ಇದ್ದಿದ್ದು.

ಆದ್ರೆ ನಾವು ಮಾಡೋದೇನು? ಡೆಮೋ ದಿನ ಎರರ್ ಬರಬಾರದು ಅಂತ ಟ್ರೈ ಹಾಕಿ, ಎಕ್ಸೆಪ್ಟ್‌ನಲ್ಲಿ ಸೊನ್ನೆ ಅಂತ ಬರೆದು ಪಾಸ್ ಆಗ್ತೀವಿ. ನಾನೂ ಮಾಡಿದ್ದೀನಿ, ಸುಳ್ಳು ಯಾಕೆ. ಬೊಗಳೋ ನಾಯಿಯ ಬಾಯಿ ಕಟ್ಟೋ ಕೆಲಸ ಅದು.

(5/8)
ಇದು ಉದ್ದ ಇದೆ, ಆದ್ರೆ ಬಿಡಬೇಡಿ. ಜಮೀನಿರೋ ಮನೆಯವರಂತೂ ಓದಲೇಬೇಕು.

ಅಂಕಿಯಲ್ಲಿ ಬರೆದಿದ್ದೆಲ್ಲ ಸಂಖ್ಯೆ ಅಲ್ಲ. ಹಾಸನದ ಪಿನ್ ಕೋಡ್ 573201, ಹೊಳೆನರಸೀಪುರದ್ದು 573211. ವ್ಯತ್ಯಾಸ ಹತ್ತು. ಹತ್ತು ಏನು? ಕಿಲೋಮೀಟರಾ? ದಿನಾ ಆ ರೋಡಲ್ಲಿ ಬಸ್ಸಲ್ಲಿ ನಿಂತು ಬರೋರನ್ನ ಕೇಳಿ. ಹಾಸನದ ಎಸ್‌ಟಿಡಿ ಕೋಡ್ 08172, ಇಂಟ್ ಮಾಡಿದ್ರೆ ಮುಂದಿನ ಸೊನ್ನೆ ಹಾರಿ 8172 ಉಳಿಯುತ್ತೆ. ಇವೆಲ್ಲ ಅಂಕಿಯ ವೇಷದಲ್ಲಿರೋ ಹೆಸರುಗಳು. ನನ್ನ ರೂಲ್ ಸಿಂಪಲ್: ಇದನ್ನ ಕೂಡಿ ಕಳೆದ್ರೆ ಅರ್ಥ ಇದೆಯಾ? ಇಲ್ಲ ಅಂದ್ರೆ ಸ್ಟ್ರಿಂಗಾಗೇ ಇರಲಿ.

ಮೊಬೈಲ್ ನಂಬರ್ ಅಂತೂ ಇನ್ನೂ ಮಜಾ. 32 ಬಿಟ್‌ನ ಇಂಟೀಜರ್‌ನಲ್ಲಿ ಹಿಡಿಸೋ ಅತಿ ದೊಡ್ಡ ಸಂಖ್ಯೆ 2147483647. ನಮ್ಮ ಹತ್ತಂಕಿಯ ಮೊಬೈಲ್ ನಂಬರ್ ಶುರು ಆಗೋದೇ 6, 7, 8, 9ರಿಂದ. ಅಂದ್ರೆ ಭಾರತದ ಒಂದೇ ಒಂದು ಮೊಬೈಲ್ ನಂಬರ್ ಕೂಡ ಆ ಡಬ್ಬಿಯಲ್ಲಿ ಹಿಡಿಸಲ್ಲ.

ಈಗ ಪಹಣಿ. 2000ನೇ ಇಸವಿ ಆಸುಪಾಸಿಗೆ ಭೂಮಿ ಯೋಜನೆ ಬಂದಮೇಲೆ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತು. ಅದರಲ್ಲಿ ಸರ್ವೆ ನಂಬರ್ 112/2 ಅಂತಿದೆ ಅಂದುಕೊಳ್ಳಿ. 112 ಇಡೀ ಸರ್ವೆ ನಂಬರ್, 2 ಅದರಲ್ಲಿ ನಮ್ಮ ಹಿಸ್ಸಾ. ಪಾರ್ಸ್‌ಇಂಟ್‌ಗೆ ಕೊಟ್ರೆ 112 ಅಂತ ಕೊಟ್ಟು ಹಿಸ್ಸಾ ನುಂಗುತ್ತೆ. 112/1 ದೊಡ್ಡಪ್ಪಂದು, 112/3 ಪಕ್ಕದ ಮನೆಯವರದು, ಎಲ್ಲಾ ಈಗ ಒಂದೇ ಜಮೀನು. ಊರಲ್ಲಿ ಇಷ್ಟೇ ಸಾಕು, ಮೂರು ತಲೆಮಾರು ಕೋರ್ಟಿಗೆ ಅಲೆಯೋಕೆ.

ವಿಸ್ತೀರ್ಣ ಇನ್ನೂ ಸೂಕ್ಷ್ಮ. "2.10" ಅಂತ ಬರೆದ್ರೆ ನಮ್ಮೂರಲ್ಲಿ ಎರಡು ಎಕರೆ ಹತ್ತು ಗುಂಟೆ. ಎಕರೆಗೆ 40 ಗುಂಟೆ. ಆ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲವೇ ಅಲ್ಲ. ಇದನ್ನ ನಮ್ಮಂಥ ಬುದ್ಧಿವಂತರು ಫ್ಲೋಟ್ ಮಾಡಿದ್ರೆ 2.1 ಆಗುತ್ತೆ, ಕೊನೆಯ ಸೊನ್ನೆ ಹೋಯ್ತು. ಅದನ್ನ ವಾಪಸ್ ಓದಿದವರು ಎರಡು ಎಕರೆ ಒಂದು ಗುಂಟೆ ಅಂತಾರೆ. ಒಂಬತ್ತು ಗುಂಟೆ ಮಾಯ. ಗುಂಟೆಗೆ 1089 ಚದರಡಿ. ಒಂಬತ್ತು ಗುಂಟೆ ಅಂದ್ರೆ 9801 ಚದರಡಿ, ಅಂದ್ರೆ 30/40ರ ಎಂಟು ಸೈಟಿಗಿಂತ ಜಾಸ್ತಿ. ಒಂದು ಸೊನ್ನೆ ಉದುರಿದ್ದಕ್ಕೆ!

ಕೂಡೋಕೆ ಹೋದ್ರೂ ಅದೇ ಗತಿ. 2.38ಕ್ಕೆ 1.12 ಕೂಡಿಸಿದ್ರೆ ಕಂಪ್ಯೂಟರ್ 3.5 ಅನ್ನುತ್ತೆ, ನೋಡಿದವರು ಮೂರೂವರೆ ಎಕರೆ ಅಂದುಕೊಳ್ತಾರೆ. ತಾತನ್ನ ಕೇಳಿ: ಮೂರು ಎಕರೆ ಐವತ್ತು ಗುಂಟೆ, ಅಂದ್ರೆ ನಾಲ್ಕು ಎಕರೆ ಹತ್ತು ಗುಂಟೆ. ಬಾಯಲ್ಲೇ ಹೇಳ್ತಾರೆ. ಸರಿಯಾದ ದಾರಿ ಅಂದ್ರೆ ಚುಕ್ಕಿ ಹತ್ರ ಎರಡು ತುಂಡು ಮಾಡಿ, ಎಕರೆ ಬೇರೆ ಇಂಟ್, ಗುಂಟೆ ಬೇರೆ ಇಂಟ್, ಎಲ್ಲಾ ಗುಂಟೆಗೆ ತಂದು ಕೂಡಿ, ಕೊನೆಗೆ ನಲವತ್ತರಿಂದ ಭಾಗಿಸೋದು. ನಾಲ್ಕು ಸಾಲಿನ ಕೋಡ್. ಆದ್ರೆ ಆ ನಾಲ್ಕು ಸಾಲು ಬರೀಬೇಕು ಅಂದ್ರೆ ಗುಂಟೆ ಅಂದ್ರೇನು ಅಂತ ಗೊತ್ತಿರಬೇಕು. ಅದು ಪೈಥಾನ್ ಪುಸ್ತಕದಲ್ಲಿಲ್ಲ, ಮನೇಲಿದೆ.

(6/8)
ಇದೆಲ್ಲ ಊರ ಲೆಕ್ಕ ಬಿಡು, ದೊಡ್ಡ ಕಂಪನಿಯವರು ಹೀಗೆ ಮಾಡಲ್ಲ ಅಂತೀರಾ?

ನಮ್ಮ ಹಾಸನದಲ್ಲಿ ಇಸ್ರೋದ ಎಂಸಿಎಫ್ ಇದೆಯಲ್ಲ, 1982ರಿಂದ ಇಲ್ಲೇ ಕೂತು ಮೇಲಿರೋ ಉಪಗ್ರಹ ನೋಡಿಕೊಳ್ಳೋ ಜಾಗ. ಅಲ್ಲಿಂದ ನೋಡಿಕೊಂಡ ಉಪಗ್ರಹಗಳಲ್ಲಿ ಹಲವನ್ನ ಮೇಲೆ ಒಯ್ದಿದ್ದು ಯುರೋಪಿನ ಏರಿಯಾನ್ ರಾಕೆಟ್‌ಗಳು. ಆ ಏರಿಯಾನ್ 5ರ ಮೊಟ್ಟಮೊದಲ ಹಾರಾಟ 1996ರ ಜೂನ್ 4ರಂದು. ಹಾರಿ ಒಂದು ನಿಮಿಷ ಕೂಡ ಆಗಿರಲಿಲ್ಲ, ಆಕಾಶದಲ್ಲೇ ಚೂರು ಚೂರು. ಕಾರಣ: 64 ಬಿಟ್‌ನ ಒಂದು ದಶಮಾಂಶ ಸಂಖ್ಯೆಯನ್ನ 16 ಬಿಟ್‌ನ ಇಂಟೀಜರ್‌ಗೆ ತುಂಬೋಕೆ ಹೋಗಿದ್ದು. ಆ ಡಬ್ಬಿಯಲ್ಲಿ ಹಿಡಿಸೋದು 32767ರವರೆಗೆ ಮಾತ್ರ. ಹಳೇ ಏರಿಯಾನ್ 4ರಲ್ಲಿ ಸಂಖ್ಯೆ ಅಷ್ಟು ದೊಡ್ಡದಾಗ್ತಾ ಇರಲಿಲ್ಲ ಅಂತ ಅದೇ ಕೋಡನ್ನ ಎತ್ತಿ ಹೊಸದಕ್ಕೆ ಹಾಕಿದ್ರು. ಸೀನಿಯರ್ ರೆಕಾರ್ಡ್ ಕಾಪಿ ಮಾಡಿದ ಹಾಗೆ. ಅಷ್ಟೇ, ಮುಂದೆ ಹೋಗೋಣ.

(7/8)
ನಿಜವಾದ ಪ್ರಶ್ನೆ ಇಲ್ಲಿದೆ. ಬರೆದ ಅಕ್ಷರಕ್ಕೂ ಓದೋ ಯಂತ್ರಕ್ಕೂ ಹೊಂದಿಕೆ ಆಗದಿದ್ರೆ ಯಾರು ಬಗ್ಗಬೇಕು?

ಅರಕಲಗೂಡು ತಾಲೂಕಿನ ರುದ್ರಪಟ್ಟಣ ಗೊತ್ತಲ್ಲ, ಕಾವೇರಿ ದಡದ ಸಂಗೀತಗಾರರ ಊರು. ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲಿ, ರುದ್ರಪಟ್ಟಣಂ ಸಹೋದರರು ಅಲ್ಲಿಯವರು, ಆರ್.ಕೆ. ಪದ್ಮನಾಭ ಅವರು ಕಟ್ಟಿಸಿದ ತಂಬೂರಿ ಆಕಾರದ ದೇವಸ್ಥಾನ ನಿಮ್ಮ ರೀಲ್ಸ್‌ನಲ್ಲಿ ಬಂದಿರುತ್ತೆ. ಸಂಗೀತ ಕಲಿತವರಿಗೆ ಕಟಪಯಾದಿ ಗೊತ್ತು. ಅದೂ ಸ್ಟ್ರಿಂಗ್ ಟು ಇಂಟೀಜರ್ರೇ! 72 ಮೇಳಕರ್ತ ರಾಗಗಳ ಹೆಸರಿನ ಮೊದಲ ಎರಡು ಅಕ್ಷರದಲ್ಲೇ ಅದರ ನಂಬರ್ ಇದೆ. ಮೇಚಕಲ್ಯಾಣಿ ತಗೊಳ್ಳಿ. ಪ, ಫ, ಬ, ಭ, ಮ ಎಣಿಸಿದ್ರೆ "ಮ" ಐದು. ಕ, ಖ, ಗ, ಘ, ಙ, ಚ ಎಣಿಸಿದ್ರೆ "ಚ" ಆರು. 56, ತಿರುಗಿಸಿ ಓದಿ, 65. ಮೇಚಕಲ್ಯಾಣಿ 65ನೇ ಮೇಳ. ಪಕ್ಕಾ.

ಈ ಲೆಕ್ಕಕ್ಕೆ ಕೂರಿಸೋಕೆ ರಾಗದ ಹೆಸರನ್ನೇ ಬಗ್ಗಿಸಿದ್ದೂ ಇದೆ. ಬರೀ ಶಂಕರಾಭರಣ ಅಂದ್ರೆ 29 ಬರಲ್ಲ. ಹಾಗಾಗಿ ಮುಂದೆ "ಧೀರ" ಸೇರಿಸಿ ಧೀರಶಂಕರಾಭರಣ ಮಾಡಿದ್ರು: "ಧ" ಒಂಬತ್ತು, "ರ" ಎರಡು, ತಿರುಗಿಸಿದ್ರೆ 29. ಚೆನ್ನಾಗಿದೆ, ಅಲ್ವಾ? ಹಾಡೋರೇ ಮಾಡಿಕೊಂಡ ನಿಯಮ, ಹಾಡೋರಿಗೇ ಅನುಕೂಲ.

ಈಗ ಇನ್ನೊಂದು ಕಥೆ. ಮನುಷ್ಯನ ಜೀನ್‌ಗಳಿಗೆ ವಿಜ್ಞಾನಿಗಳು ಇಟ್ಟ ಚಿಕ್ಕ ಹೆಸರುಗಳಲ್ಲಿ "ಮಾರ್ಚ್1", "ಸೆಪ್ಟ್1" ಅಂತ ಇದ್ವು. ಎಕ್ಸೆಲ್ ಶೀಟಿಗೆ ಹಾಕಿದ ಕೂಡಲೇ ಅದು ಕೇಳದೇ ಮಾಡದೇ ಮಾರ್ಚ್ 1ನೇ ತಾರೀಖು, ಸೆಪ್ಟೆಂಬರ್ 1ನೇ ತಾರೀಖು ಮಾಡಿಬಿಡ್ತಿತ್ತು. ಎಷ್ಟೋ ಸಂಶೋಧನಾ ಲೇಖನಗಳ ಪಟ್ಟಿಯಲ್ಲಿ ಹೀಗೇ ತಾರೀಖುಗಳು ಸೇರಿಕೊಂಡ್ವು. ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಾಯಿಸಿದ್ರು. ಇದನ್ನ ಆಫ್ ಮಾಡೋ ಆಯ್ಕೆ ಎಕ್ಸೆಲ್‌ನಲ್ಲಿ ಬಂದಿದ್ದು 2023ರಲ್ಲಿ. ವಿಜ್ಞಾನ ಬಗ್ಗಿತು, ಸಾಫ್ಟ್‌ವೇರ್ ಆಮೇಲೆ ನಿಧಾನಕ್ಕೆ ಬಂತು.

(ನಮ್ಮ ಕಡೆಯ ಕಾಪಿ ಬೇಕಾ? ತಾರೀಖಿನ ಸೆಟ್ಟಿಂಗ್ ಇಂಡಿಯಾ ಇರೋ ಎಕ್ಸೆಲ್‌ನಲ್ಲಿ ಎರಡು ಎಕರೆ ಹತ್ತು ಗುಂಟೆಗೆ "2-10" ಅಂತ ಹೊಡೀರಿ. ಅಕ್ಟೋಬರ್ 2 ಆಗುತ್ತೆ. ಜಮೀನು ಗಾಂಧಿ ಜಯಂತಿ ಆಗೋಯ್ತು.)

ಪ್ರಪಂಚದ ದೊಡ್ಡ ವಿಜ್ಞಾನಿಗಳೇ ಒಂದು ಶೀಟ್ ಮುಂದೆ ಬಗ್ಗಿದ ಮೇಲೆ, ಚನ್ನರಾಯಪಟ್ಟಣದ ತಾತ ಯಾವ ಲೆಕ್ಕ? ಅವರು ತಮ್ಮ ಕೈ ಬರಹವೇ ತಪ್ಪು ಅಂದುಕೊಂಡು ಸುಮ್ಮನಾಗ್ತಾರೆ. ನನಗೆ ಸಿಟ್ಟು ಬರೋದು ಇಲ್ಲೇ. "ಇನ್‌ವ್ಯಾಲಿಡ್ ಇನ್‌ಪುಟ್" ಅನ್ನೋ ಎರಡು ಪದದಲ್ಲಿ ನಾವು ನಮ್ಮ ಸೋಮಾರಿತನವನ್ನ ಎದುರಿಗಿರೋರ ತಲೆಗೆ ಕಟ್ತೀವಿ. "ನನಗೆ ಇದನ್ನ ಓದೋಕೆ ಬರ್ತಿಲ್ಲ" ಅಂತ ಬರೆಯೋಕೆ ಏನು ಕಷ್ಟ? ನಿಜವೂ ಅದೇ ತಾನೇ.

(8/8)
ಹೋದ ವಾರ ಇದನ್ನ ಕ್ಯಾಂಟೀನಲ್ಲಿ ಹೇಳಿದಾಗ ಒಬ್ಬ ಫ್ರೆಂಡ್ ಅಂದ: "ಮಗಾ, ಕನ್ನಡ ಅಂಕಿ ಈಗ ಯಾರೋ ಬಳಸ್ತಾರೆ? ನೀನೇ ಪೋಸ್ಟಲ್ಲಿ 1996 ಅಂತ ಬರೀತೀಯ."

ಒಪ್ಪಿದೆ. ನಾನೂ ಬಳಸಲ್ಲ, ನೀವೂ ಬಳಸಲ್ಲ. ಒಂದನೇ ಕ್ಲಾಸಲ್ಲಿ ತಿದ್ದಿದ್ವಿ, ಆಮೇಲೆ ೬ ಯಾವುದು ೯ ಯಾವುದು ಅಂತಾನೇ ಮರೀತಾ ಬಂದ್ವಿ. ಆದ್ರೆ ಕನ್ನಡ ಅಂಕಿ ಎಲ್ರೂ ಬಳಸಬೇಕು ಅನ್ನೋದು ನನ್ನ ವಾದ ಅಲ್ಲ. ಬಳಸೋ ಒಬ್ಬರು ಎದುರಿಗೆ ಕೂತಿರುವಾಗ, ಒಂದು ಕಳೆಯೋ ಲೆಕ್ಕ ಮಾಡೋಕೆ ನಮಗೆ ಬೇಜಾರು ಅನ್ನೋ ಕಾರಣಕ್ಕೆ ಅವರನ್ನ ತಪ್ಪಿತಸ್ಥರು ಮಾಡಬಾರದು ಅನ್ನೋದು. ಇಂಥ ಅಂಕಿ ಬರೆಯೋರು ನಮ್ಮ ಜಿಲ್ಲೇಲಿ ಎಷ್ಟು ಮಂದಿ ಇದ್ದಾರೆ ಅನ್ನೋದು ಆಮೇಲಿನ ಮಾತು. ನಂಗೆ ಒಬ್ಬರು ಸಾಕು.

ಇನ್ನೊಬ್ಬಳು ಕೇಳಿದ ಪ್ರಶ್ನೆ ಇದಕ್ಕಿಂತ ಗಟ್ಟಿ: "ಎಲ್ಲಾನೂ ಒಪ್ಪಿಕೊಳ್ತಾ ಹೋದ್ರೆ ತಪ್ಪು ಅಂಕಿ ಒಳಗೆ ಬರಲ್ವಾ? ಪಾರ್ಸ್‌ಇಂಟ್ ಮಾಡಿದ್ದೂ ಅದೇ ಅಲ್ವಾ, ಸಿಕ್ಕಿದ್ದನ್ನ ಒಪ್ಪಿಕೊಂಡಿದ್ದು?" ಇದಕ್ಕೆ ನಾನು ಎರಡು ದಿನ ತಲೆ ಕೆಡಿಸ್ಕೊಂಡೆ. ಅವಳು ಹೇಳಿದ್ದು ಸರಿ. ಒಪ್ಪೋದು ಬೇರೆ, ಊಹೆ ಮಾಡೋದು ಬೇರೆ. ೧೨೫೦ ಅಂದ್ರೆ ಒಂದೇ ಅರ್ಥ, ಅದನ್ನ ಒಪ್ಪಲೇಬೇಕು. "1,25,000"ಕ್ಕೂ ಒಂದೇ ಅರ್ಥ, ಕಾಮಾ ತೆಗೆದು ಓದಬಹುದು. "2.10"ಕ್ಕೆ ಎರಡು ಅರ್ಥ ಇದೆ, ಅಲ್ಲಿ ಊಹೆ ಮಾಡಬಾರದು, ಕೇಳಬೇಕು: ಎಕರೆ-ಗುಂಟೆನಾ, ದಶಮಾಂಶನಾ? ಇದನ್ನೆಲ್ಲ ಒಂದು ಫಂಕ್ಷನ್‌ನಲ್ಲಿ ಮುಗಿಸೋಕಾಗಲ್ಲ, ಪ್ರತಿ ಖಾಲಿ ಜಾಗದ ಎದುರೂ ಕೂತು ಯೋಚನೆ ಮಾಡಬೇಕು. ಅದಕ್ಕೇ ಯಾರೂ ಮಾಡಲ್ಲ.

ತಾತನ ಪೇಜ್ ಈಗ ಸರಿ ಮಾಡಿದ್ದೀನಿ. ಕನ್ನಡ ಅಂಕಿ ಬಂದ್ರೆ 3302 ಕಳೆಯುತ್ತೆ. ಕಾಮಾ ಇದ್ರೆ ತೆಗೆಯುತ್ತೆ. ಅಂಕಿಯ ಪಕ್ಕ ಅನುಸ್ವಾರ ಕಂಡ್ರೆ, "ಇದು ಸೊನ್ನೆನಾ?" ಅಂತ ಕೇಳುತ್ತೆ. ಖಾಲಿ ಬಿಟ್ರೆ ಸೊನ್ನೆ ಅಂದುಕೊಳ್ಳಲ್ಲ, "ಇದನ್ನ ಬರೆದಿಲ್ಲ" ಅನ್ನುತ್ತೆ. ಏನೂ ಅರ್ಥ ಆಗದಿದ್ರೆ, "ನನಗೆ ಓದೋಕೆ ಬರಲಿಲ್ಲ, ಇನ್ನೊಂದು ಸಲ ತೋರಿಸಿ" ಅನ್ನುತ್ತೆ. ಉತ್ತರಾನೂ ಕನ್ನಡ ಅಂಕಿಯಲ್ಲೇ ಬರುತ್ತೆ, ಮೊತ್ತದ ಪ್ರತಿ ಅಂಕಿಗೂ 3302 ಕೂಡಿಸಿ.

ಮೊನ್ನೆ ತಾತ ಹಾಕಿ ನೋಡಿದ್ರು. ಮೊತ್ತ ಬಂತು. ಆಮೇಲೆ ಪೆನ್ ತಗೊಂಡು ಪುಸ್ತಕದಲ್ಲಿ ಅದೇ ಲೆಕ್ಕಾನ ಕೈಯಲ್ಲಿ ಮಾಡಿದ್ರು. ತಾಳೆ ಆಯ್ತು. "ಪರವಾಗಿಲ್ಲ, ನಿನ್ನ ಮಿಷಿನ್ನಿಗೂ ಲೆಕ್ಕ ಬರುತ್ತೆ" ಅಂದ್ರು.

ನಿಮ್ಮನೇಲೂ ಇಂಥ ಪುಸ್ತಕ ಇರುತ್ತೆ. ಡೈರಿ ಬುಕ್, ಚೀಟಿ ಲೆಕ್ಕ, ಹಳೇ ಕೈಬರಹದ ಪಹಣಿ. ಹೆಸರು, ಸರ್ವೆ ನಂಬರ್ ಮುಚ್ಚಿ ಒಂದು ಫೋಟೋ ಮೆಸೇಜ್ ಮಾಡಿ. ಅದರಲ್ಲಿ ಅಂಕಿ ಹೆಂಗೆಂಗೆ ಬರೆದಿದ್ದಾರೆ ನೋಡಬೇಕು. ಅರ್ಧಕ್ಕೆ, ಕಾಲಿಗೆ ಗೆರೆ ಹಾಕಿ ಬರೆಯೋ ಪದ್ಧತಿ ಯಾರ ಮನೇಲಾದ್ರೂ ಇದ್ರೆ ಅದನ್ನ ಮೊದಲು ಕಳಿಸಿ, ನನ್ನ ಪೇಜಿಗೆ ಅದಿನ್ನೂ ಓದೋಕೆ ಬರಲ್ಲ.

#ಹಾಸನ #ಕನ್ನಡದಲ್ಲಿಕೋಡಿಂಗ್ #ತಾತನಲೆಕ್ಕ